ಶಶಿಕಲಾಳ ಪರವಾಗಿ

ಗೋವಿಂದರಾಜನಗರದ ತವರುಮನೆಗೆ ಶಿವಗಂಗಮ್ಮ ವಾಪಸ್ಸು ಬಂದು ಆರು ವರ್ಷವಾಗಿತ್ತು. ನೆಲಮಂಗಲದ ಲಾರಿ ಬುಕಿಂಗ್ ಆಫೀಸಿನಲ್ಲಿದ್ದ ಗಂಡ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡು, ಇವಳನ್ನು ಒಂದು ಟ್ರಂಕಿನ ಜೊತೆ ಬಸ್ಸು ಹತ್ತಿಸಿದ್ದ. ಅವತ್ತು ಬಾಗಿಲು ತೆಗೆದವಳು ತಮ್ಮ ರಾಜೇಂದ್ರನ ಹೆಂಡತಿ ಶಶಿಕಲಾ. ತಾಯಿ ಮುನಿತಾಯಮ್ಮ ಒಳಗಿನಿಂದಲೇ ಯಾರೆಂದು ಕೇಳಿದಳು, ಮಗಳೆಂದು ಗೊತ್ತಾದ ಮೇಲೂ ಎದ್ದು ಬರಲಿಲ್ಲ. ಶಶಿಕಲಾ ಟ್ರಂಕಿನ ಒಂದು ಹಿಡಿ ಹಿಡಿದು ಒಳಗೆ ತಂದಿಟ್ಟಳು. ಕಿಟಕಿಯಿದ್ದ ರೂಮನ್ನು ಬಿಟ್ಟುಕೊಟ್ಟು, ತಾನೂ ಗಂಡನೂ ನಡುಮನೆಗೆ ಹಾಸಿಗೆ ಸಾಗಿಸಿಕೊಂಡರು. ಎರಡು ವರ್ಷದ ಮೇಲೆ ಶಿವಗಂಗಮ್ಮನಿಗೆ ಗರ್ಭಕೋಶದ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಹನ್ನೊಂದು ದಿನ ನೆಲದ ಮೇಲೆ ಮಲಗಿ ನೋಡಿಕೊಂಡವಳೂ ಅವಳೇ. ಹೆತ್ತ ತಾಯಿ ಒಂದು ದಿನ ಬಂದು ಎಳನೀರು ಕೊಟ್ಟು ಹೋಗಿದ್ದಳು.

ಹಾಗಾಗಿ 2008ರ ಫೆಬ್ರವರಿಯಲ್ಲಿ ಮಾಗಡಿ ರಸ್ತೆಯ ವಕೀಲ ಗುರುಸಿದ್ದಯ್ಯನವರ ಆಫೀಸಿಗೆ ಹೋಗುವಾಗ ಶಶಿಕಲಾ ಜೊತೆಗೆ ಕರೆದದ್ದು ಶಿವಗಂಗಮ್ಮನನ್ನೇ. ಶಶಿಕಲಾಳ ತಂದೆ ಹನುಮಂತಯ್ಯ ಸತ್ತ ಮೇಲೆ ಅತ್ತಿಗುಪ್ಪೆಯ ಮನೆಯನ್ನು ಅವಳ ಅಣ್ಣ ಸೇತುರಾಮ ಒಬ್ಬನೇ ನುಂಗಿ ಕೂತಿದ್ದ. ಅದರಲ್ಲಿ ಪಾಲು ಕೇಳಿ ಕೇಸು ಹಾಕುವುದಿತ್ತು. ರಾಜೇಂದ್ರ, 'ನಿಮ್ಮಣ್ಣನ ಜೊತೆ ನೀನೇ ಬಡಿದಾಡ್ಕೋ, ನನ್ನ ಎಳೀಬೇಡ' ಎಂದು ಮೊದಲೇ ಕೈ ತೊಳೆದುಕೊಂಡಿದ್ದ.

"ನೋಡಮ್ಮ, ಕೋರ್ಟಲ್ಲಿ ಈಗ ಹೊಸ ವ್ಯವಸ್ಥೆ ಬಂದಿದೆ" ಎಂದರು ಗುರುಸಿದ್ದಯ್ಯ. "ಕೇಸನ್ನ ಕಂಪ್ಯೂಟರಲ್ಲೇ ಹಾಕ್ತೀವಿ. ಡೇಟು, ನೋಟೀಸು, ಆರ್ಡರು ಎಲ್ಲಾ ಮೊಬೈಲ್‌ಗೇ ಮೆಸೇಜ್ ಬರುತ್ತೆ. ನಿಮ್ಮ ನಂಬರ್ ಹೇಳಿ."

"ನನ್ನ ಹತ್ರ ಮೊಬೈಲ್ ಇಲ್ಲ ಸಾರ್."

"ಹಾಗಾದ್ರೆ ನಿಮ್ಮ ಪರವಾಗಿ ಯಾರಿಗೆ ಬರಬೇಕು ಅಂತ ಈ ಫಾರಂನಲ್ಲಿ ಬರೆದು ಸೈನ್ ಹಾಕಿ. ನಂಬಿಕಸ್ಥರ ಹೆಸರು ಕೊಡಿ. ಅವರಿಗೆ ಮೆಸೇಜ್ ಮುಟ್ಟಿದ್ರೆ ನಿಮಗೇ ಮುಟ್ಟಿದ ಹಾಗೆ. ಈ ಕೇಸು ಅಂತಲ್ಲ, ನಿಮ್ಮ ಹೆಸರಲ್ಲಿ ಯಾವ ಕೇಸಿದ್ರೂ ಅಷ್ಟೇ."

ಶಶಿಕಲಾ ನಕ್ಕಳು. "ಇನ್ಯಾವ ಕೇಸು ಬರುತ್ತೆ ಸಾರ್ ನನಗೆ. ನಮ್ಮಕ್ಕಂದೇ ಬರ್ಕೊಳಿ." ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಒಂದೊಂದೇ ಅಕ್ಷರ ಒತ್ತಿ ಒತ್ತಿ ಸಹಿ ಹಾಕಿದಳು. ಶಿವಗಂಗಮ್ಮ ಪಿಯುಸಿ ಓದಿದವಳು, ವಿಜಯನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಂಬರನ್ನು ಅವಳೇ ಬರೆದುಕೊಟ್ಟಳು. ತನ್ನ ಹೆಸರಿನ ಮುಂದೆ 'ಅಧಿಕೃತ ಪ್ರತಿನಿಧಿ' ಎಂದಿದ್ದುದನ್ನು ನೋಡಿ ಅವಳಿಗೆ ಒಂದು ಬಗೆಯ ಹಿಗ್ಗೂ ಆಯಿತು.

ಐದಾರು ತಿಂಗಳು ಅವಳು ಆ ಕೆಲಸವನ್ನು ಚಾಚೂ ತಪ್ಪದೆ ಮಾಡಿದಳು. ಇಂಗ್ಲಿಷಿನ ಮೆಸೇಜು ಬಂದ ದಿನವೇ ಓದಿ ಹೇಳುತ್ತಿದ್ದಳು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಡೇಟಿನ ದಿನ ಇಬ್ಬರೂ ಬಸ್ಸಿನಲ್ಲಿ ಹೋಗಿ, ಕೋರ್ಟಿನ ಹೊರಗಿನ ಹೋಟೆಲಿನಲ್ಲಿ ಒಂದೇ ಮಸಾಲೆದೋಸೆ ತರಿಸಿ ಹಂಚಿಕೊಂಡು ತಿಂದು ಬರುತ್ತಿದ್ದರು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಬಂದ ಮೆಸೇಜಿನಲ್ಲಿ ಕೇಸಿನ ನಂಬರೇ ಬೇರೆ ಇತ್ತು. ಕೋರ್ಟೂ ಬೇರೆ. ಸೇತುರಾಮನ ಹೆಸರಿರಬೇಕಾದ ಕಡೆ ರಾಜೇಂದ್ರ ಎಂದಿತ್ತು. ರಾಜೇಂದ್ರ ಅರ್ಜಿದಾರ, ಶಶಿಕಲಾ ಎದುರುದಾರಳು, ವಿವಾಹ ವಿಚ್ಛೇದನ. ಶಿವಗಂಗಮ್ಮ ಮೂರು ಸಲ ಓದಿದಳು. ಯಾರದೋ ಕೇಸು ತಪ್ಪಿ ಬಂದಿರಬೇಕು ಅಂದುಕೊಂಡಳು. ಆದರೂ ಶಶಿಕಲಾಳಿಗೆ ಹೇಳುವ ಮೊದಲು ತಮ್ಮನನ್ನು ಕೇಳೋಣವೆಂದು, ಅವನು ರಾಜಾಜಿನಗರದ ಕಾರ್ಖಾನೆಯಿಂದ ಬರುವ ಹೊತ್ತಿಗೆ ಬಸ್ ಸ್ಟಾಪಿನಲ್ಲೇ ಕಾದು ನಿಂತಳು.

ರಾಜೇಂದ್ರನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. "ನಿನ್ನ ಫೋನಿಗ್ಯಾಕೆ ಬಂತು?" ಎಂದ. ಫಾರಂ ವಿಷಯ ಹೇಳಿದಳು. ಅವನು ನಿಧಾನಕ್ಕೆ ನಕ್ಕ. "ಅಲ್ಲಿಗೆ ಅದೂ ಒಳ್ಳೇದೇ ಆಯ್ತು."

ಮಾರನೆಯ ದಿನ ಶಶಿಕಲಾ ಹಿಟ್ಟಿನ ಗಿರಣಿಗೆ ಹೋಗಿದ್ದಾಗ ಮುನಿತಾಯಮ್ಮ ಮಗಳನ್ನು ಹತ್ತಿರ ಕೂರಿಸಿಕೊಂಡಳು. ರಾಜೇಂದ್ರನಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲ. ಕೆಂಗೇರಿಯಲ್ಲಿ ಒಂದು ಹುಡುಗಿ ಇದೆ, ಅವರಿಗೂ ಒಪ್ಪಿಗೆ ಇದೆ. ಬಾಯಿಬಿಟ್ಟು ಕೇಳಿದರೆ ಇವಳು ಬೀದಿ ರಂಪ ಮಾಡುತ್ತಾಳೆ. ಅದಕ್ಕೇ ಎರಡು ವರ್ಷದ ಹಿಂದೆಯೇ ಗಂಡನನ್ನು ಬಿಟ್ಟು ಅಣ್ಣನ ಮನೆ ಸೇರಿದ್ದಾಳೆ ಎಂದು ಬರೆಸಿ, ಅತ್ತಿಗುಪ್ಪೆಯ ವಿಳಾಸ ಕೊಟ್ಟಿದ್ದಾರೆ. ನೋಟೀಸನ್ನು ಸೇತುರಾಮ ತೆಗೆದುಕೊಳ್ಳುತ್ತಾನೆ. ಅವನಿಗೆ ತಂಗಿ ಹಾಳಾದಷ್ಟೂ ಲಾಭ.

"ಬಿಟ್ಟು ಹೋಗಿದಾಳೆ ಅಂತ ಹೆಂಗಮ್ಮ ಬರೆಸ್ತೀರ? ಇಲ್ಲೇ ಇದಾಳಲ್ಲ!"

"ಇದಾಳೆ. ನೀನೂ ಇದೀಯ" ಎಂದಳು ಮುನಿತಾಯಮ್ಮ. "ನಿನ್ನೇನು ಮಾಡು ಅಂತ ಕೇಳ್ತಿಲ್ಲ ಗಂಗಾ. ಸುಮ್ನಿರು ಅಷ್ಟೆ. ಬಾಯಿ ಬಿಟ್ಟೆಯೋ, ಅವಳ ಹಿಂದೆ ನಿನ್ನ ಟ್ರಂಕೂ ಹೊರಗೆ. ನೆಲಮಂಗಲದವನು ಬಾಗಿಲು ತೆಗೀತಾನಾ ನೋಡು."

ಶಿವಗಂಗಮ್ಮ ಎದ್ದು ತನ್ನ ರೂಮಿಗೆ ಹೋದಳು. ಸಂಜೆಯೊಳಗೆ ಹೇಳಿಬಿಡಬೇಕು ಅಂದುಕೊಂಡಳು. ಗಿರಣಿಯಿಂದ ಬಂದ ಶಶಿಕಲಾ ಮೈಯೆಲ್ಲಾ ಹಿಟ್ಟು ಮಾಡಿಕೊಂಡು ಬಾಗಿಲಲ್ಲಿ ನಿಂತು, "ಅಕ್ಕ, ಮೆಸೇಜ್ ಏನಾದ್ರೂ ಬಂತಾ?" ಎಂದಳು.

"ಇಲ್ವಲ್ಲ" ಎಂದಳು ಶಿವಗಂಗಮ್ಮ.

ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಮನೆ ಪಾಲಿನ ಕೇಸಿನ ಡೇಟುಗಳನ್ನು ಮೊದಲಿನಂತೆಯೇ ಹೇಳುತ್ತಿದ್ದಳು, ಜೊತೆಗೆ ಹೋಗುತ್ತಿದ್ದಳು, ದೋಸೆ ತಿನ್ನುತ್ತಿದ್ದಳು. ಇನ್ನೊಂದನ್ನು ಓದಿ ಅಳಿಸುತ್ತಿದ್ದಳು. ನೋಟೀಸು ಜಾರಿಯಾಗಿದೆ. ಎದುರುದಾರಳು ಗೈರುಹಾಜರು. ಮತ್ತೆ ಗೈರುಹಾಜರು. ಎದುರುದಾರಳನ್ನು ಬಿಟ್ಟು ವಿಚಾರಣೆ ಮುಂದುವರಿಸಲಾಗಿದೆ. ಒಂದು ಸಲ ಇಬ್ಬರೂ ಅವರೆಕಾಳು ಹಿದುಕುತ್ತಾ ಕೂತಿದ್ದಾಗಲೇ ಫೋನು ಕುಯ್ಗುಟ್ಟಿತು. ಶಶಿಕಲಾ ಆಸೆಯಿಂದ ತಲೆ ಎತ್ತಿದಳು. "ಕಂಪನೀದು ಕಣೇ, ಹಾಡು ಹಾಕಿಸ್ಕೊಳಿ ಅಂತ" ಎಂದು ಶಿವಗಂಗಮ್ಮ ಫೋನನ್ನು ಮಗುಚಿಟ್ಟಳು. ರಾಜೇಂದ್ರ ಕೋರ್ಟಿನಲ್ಲಿ ಪ್ರಮಾಣ ಮಾಡಿ, ಎರಡು ವರ್ಷದಿಂದ ಹೆಂಡತಿಯ ಮುಖ ನೋಡಿಲ್ಲ ಎಂದು ಹೇಳಿಕೆ ಕೊಟ್ಟ ದಿನದ ಮೆಸೇಜು ಅದು. ಅವತ್ತು ಬೆಳಗ್ಗೆ ಅವನು ಹಾಕಿಕೊಂಡು ಹೋದ ಅಂಗಿಯನ್ನು ಇಸ್ತ್ರಿ ಮಾಡಿದವಳು ಶಶಿಕಲಾ.

ಶಿವಗಂಗಮ್ಮನೊಳಗೆ ಇನ್ನೊಂದು ಸಂಗತಿಯೂ ನಡೆಯುತ್ತಿತ್ತು, ಅದನ್ನು ಅವಳು ತನಗೂ ಹೇಳಿಕೊಳ್ಳುತ್ತಿರಲಿಲ್ಲ. ಈ ಮನೆಯಲ್ಲಿ ಗಂಡ ಬಿಟ್ಟವಳು ಎಂದರೆ ಅವಳೊಬ್ಬಳೇ ಆಗಿದ್ದಳು. ಶಶಿಕಲಾ ಎಷ್ಟು ಪ್ರೀತಿಯಿಂದ ಬಡಿಸಿದರೂ ಬಡಿಸುವ ಕೈ ಅವಳದು, ಒಡ್ಡುವ ತಟ್ಟೆ ಇವಳದು. ಈಗ ಆ ಕೈಯ ಬಳೆಗಳನ್ನು ನೋಡುವಾಗ, ಅವಳಿಗೇ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಅನಿಸಿ ಎದೆಯಲ್ಲಿ ಏನೋ ತಣ್ಣಗಾಗುತ್ತಿತ್ತು. ಆ ತಂಪು ಅವಳಿಗೆ ಹಿಡಿಸುತ್ತಲೂ ಇತ್ತು.

ಮರುವರ್ಷ ಜೂನ್ ಮೊದಲ ವಾರದಲ್ಲಿ ತೀರ್ಪಿನ ಮೆಸೇಜು ಬಂತು. ವಿಚ್ಛೇದನ ಮಂಜೂರಾಗಿತ್ತು. ಇನ್ನಾದರೂ ಹೇಳಿ ಮುಗಿಸುತ್ತಾರೆಂದು ಶಿವಗಂಗಮ್ಮ ಅಂದುಕೊಂಡಿದ್ದಳು. ರಾಜೇಂದ್ರ ತಲೆಯಾಡಿಸಿದ. "ಅಪೀಲಿಗೆ ತೊಂಬತ್ತು ದಿನ ಟೈಮಿದೆ ಅಂತೆ. ಅದು ಕಳೀಲಿ. ಅಲ್ಲೀವರೆಗೂ ಹೆಂಗಿದೀವೋ ಹಂಗೇ."

"ಅಲ್ಲೀವರೆಗೂ ನಮಗೂ ಅಡುಗೆಗೆ ಜನ ಬೇಕಲ್ಲ" ಎಂದಳು ಮುನಿತಾಯಮ್ಮ.

ಆ ತೊಂಬತ್ತು ದಿನ ಶಶಿಕಲಾ ಎಂದಿನಂತೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದಳು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದಳು, ರಾಜೇಂದ್ರನ ಡಬ್ಬಿ ಕಟ್ಟಿದಳು. ಭೀಮನ ಅಮಾವಾಸ್ಯೆಯೂ ಆ ನಡುವೆಯೇ ಬಂತು. ಆ ವರ್ಷ ಅಂದು ಬೆಳಗ್ಗೆ ಗ್ರಹಣ ಬೇರೆ. ಗ್ರಹಣ ಬಿಟ್ಟ ಮೇಲೆ ಮನೆಯೆಲ್ಲಾ ತೊಳೆದು, ತಲೆಗೆ ನೀರು ಹಾಕಿಕೊಂಡು, ಶಶಿಕಲಾ ಗಂಡನನ್ನು ಮಣೆಯ ಮೇಲೆ ಕೂರಿಸಿದಳು. ಅವನು ಕೂತ. ತಟ್ಟೆಯಲ್ಲಿ ಕಾಲಿಡಿ ಎಂದಳು, ಇಟ್ಟ. ಅವಳು ಎರಡೂ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಬಗ್ಗಿ ಹಣೆ ಮುಟ್ಟಿಸಿದಳು. ರಾಜೇಂದ್ರ ಅವಳ ತಲೆಯ ಮೇಲಿನಿಂದ ಅಕ್ಕನನ್ನು ನೋಡಿ, ನಗು ತಡೆಯಲು ತುಟಿ ಕಚ್ಚಿದ. ಮುನಿತಾಯಮ್ಮ, "ಬೇಗ ಮುಗಿಸಮ್ಮ, ಅವನಿಗೆ ಡ್ಯೂಟಿಗೆ ಹೊತ್ತಾಗುತ್ತೆ" ಎಂದಳು. ಕೈಗೆ ದಾರ ಕಟ್ಟಿಸಿಕೊಳ್ಳುವಾಗ ಶಶಿಕಲಾ ಕಣ್ಣು ಮುಚ್ಚಿಕೊಂಡು ಏನನ್ನೋ ಬೇಡಿಕೊಂಡಳು. ಆಮೇಲೆ ಶಿವಗಂಗಮ್ಮನಿಗೂ ಕಡುಬು ತಂದುಕೊಟ್ಟು, "ನಿಮ್ಮ ಹೆಸರಲ್ಲೂ ಒಂದು ದೀಪ ಹಚ್ಚಿದೀನಿ ಅಕ್ಕ" ಎಂದಳು. ಕಡುಬು ಚೆನ್ನಾಗಿತ್ತು. ಶಿವಗಂಗಮ್ಮ ಎರಡು ತಿಂದಳು.

ಗಣೇಶನ ಹಬ್ಬ ಕಳೆದು ಸೆಪ್ಟೆಂಬರಿನ ಒಂದು ಭಾನುವಾರ ಬೆಳಗ್ಗೆ, ಶಶಿಕಲಾ ಚಪಾತಿ ಹಿಟ್ಟು ಕಲಸುತ್ತಿದ್ದಾಗ, ರಾಜೇಂದ್ರ ನಾಲ್ಕು ಹಾಳೆಯ ಝೆರಾಕ್ಸ್ ಪ್ರತಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಅದು ಶಿವಗಂಗಮ್ಮನ ಅಂಗಡಿಯಲ್ಲೇ ತೆಗೆಸಿದ ಪ್ರತಿ.

"ಏನ್ರೀ ಇದು?"

"ಡೈವೋರ್ಸ್ ಆರ್ಡರು. ನಿನಗೂ ನನಗೂ ಸಂಬಂಧ ಇಲ್ಲ ಈಗ. ಜೂನಲ್ಲೇ ಆಗಿದೆ."

ಶಶಿಕಲಾ ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ಹಾಳೆ ಎತ್ತಿಕೊಂಡಳು. ಇಂಗ್ಲಿಷು ಓದಲು ಬರುತ್ತಿರಲಿಲ್ಲ, ತನ್ನ ಹೆಸರನ್ನು ಮಾತ್ರ ಗುರುತು ಹಿಡಿದಳು. "ಅಕ್ಕ, ಏನು ಬರೆದಿದೆ ಓದಿ" ಎಂದು ಹಾಳೆಗಳನ್ನು ಶಿವಗಂಗಮ್ಮನ ಕಡೆಗೆ ಚಾಚಿದಳು.

ಶಿವಗಂಗಮ್ಮ ಓದಿ ಕನ್ನಡದಲ್ಲಿ ಹೇಳಿದಳು. ಎದುರುದಾರಳು ಎರಡು ವರ್ಷಕ್ಕೂ ಮಿಗಿಲಾಗಿ ಗಂಡನನ್ನು ತೊರೆದಿದ್ದಾಳೆ. ನೋಟೀಸು ಅಣ್ಣನ ಮೂಲಕ ಜಾರಿಯಾಗಿದೆ. ಅಲ್ಲದೆ ಅವಳೇ ನೇಮಿಸಿದ ಪ್ರತಿನಿಧಿಯ ಮೊಬೈಲಿಗೆ ಹನ್ನೊಂದು ಸಂದೇಶಗಳು ತಲುಪಿವೆ. ಆದರೂ ಹಾಜರಾಗಿಲ್ಲ.

ಸ್ಟೌ ಮೇಲಿನ ಹಂಚು ಕಾದು ಹೊಗೆಯಾಡುತ್ತಿತ್ತು. ಯಾರೂ ಆರಿಸಲಿಲ್ಲ.

"ಪ್ರತಿನಿಧಿ ಅಂದ್ರೆ ನೀವಲ್ವಾ ಅಕ್ಕ?" ಎಂದಳು ಶಶಿಕಲಾ. "ನಿಮಗೆ ಬಂದಿರ್ಲಿಲ್ಲ ಅಲ್ವಾ? ಬಂದಿದ್ರೆ ಹೇಳಿರ್ತಿದ್ರಿ."

ಶಿವಗಂಗಮ್ಮ ಹಾಳೆಗಳನ್ನು ಮಡಚಿ ಕಟ್ಟೆಯ ಮೇಲಿಟ್ಟಳು. ಶಶಿಕಲಾ ಅವಳ ಮುಖವನ್ನೇ ನೋಡುತ್ತಾ ನೋಡುತ್ತಾ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಗೋಡೆಗೆ ಆತುಕೊಂಡಳು.

ಅವಳ ಸೀರೆಗಳನ್ನು ಮುನಿತಾಯಮ್ಮ ಆಗಲೇ ಎರಡು ರೆಕ್ಸಿನ್ ಬ್ಯಾಗಿಗೆ ತುಂಬಿಟ್ಟಿದ್ದಳು. ಶಶಿಕಲಾ ಕೂಗಾಡಿದಳು, ಎದೆ ಎದೆ ಬಡಿದುಕೊಂಡಳು, ಹೊಸ್ತಿಲ ಮೇಲೆ ಅಡ್ಡ ಕೂತಳು. ರಾಜೇಂದ್ರ ರಟ್ಟೆ ಹಿಡಿದು ಎಬ್ಬಿಸಿ ಗೇಟಿನ ಹೊರಗೆ ಬಿಟ್ಟ. ಬೀದಿಯವರು ಬಾಗಿಲಲ್ಲಿ ನಿಂತು ನೋಡಿದರು. ಮಹಡಿಯ ಬಾಡಿಗೆ ಮನೆಯ ವಿಮಲಮ್ಮ ಮಾತ್ರ ಕೆಳಗಿಳಿದು ಬಂದು, ಅವಳ ಕೈಗೆ ಮೆತ್ತಿಕೊಂಡು ಒಣಗಿದ್ದ ಹಿಟ್ಟನ್ನು ಚೊಂಬಿನ ನೀರಿನಲ್ಲಿ ತೊಳೆದು, ಆಟೋ ಹತ್ತಿಸಿದಳು.

ಅಣ್ಣ ಬಾಗಿಲು ತೆಗೆಯಲಿಲ್ಲ. ಕೆಂಗೇರಿ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದ ದೂರದ ನೆಂಟಳೊಬ್ಬಳ ರೂಮಿನಲ್ಲಿ ಶಶಿಕಲಾ ಸೇರಿಕೊಂಡಳು. ಗುರುಸಿದ್ದಯ್ಯನವರು ತೀರ್ಪನ್ನು ರದ್ದುಪಡಿಸಬೇಕೆಂದು ಅರ್ಜಿ ಹಾಕಿದರು. ಅವಳು ಗಂಡನ ಮನೆಯಲ್ಲೇ ಇದ್ದಳು ಎಂದು ತೋರಿಸಿದರೆ ತೀರ್ಪು ನಿಲ್ಲುವುದಿಲ್ಲ ಎಂದು ಅವರಿಗೆ ಧೈರ್ಯವಿತ್ತು. ವಿಮಲಮ್ಮ ಸಾಕ್ಷಿ ಹೇಳುತ್ತೇನೆಂದು ಒಪ್ಪಿದ್ದಳು. ರಾಜೇಂದ್ರ ಮಹಡಿ ಖಾಲಿ ಮಾಡಿ ಎಂದ ಮೇಲೆ, ಮಕ್ಕಳ ಸ್ಕೂಲು ಹತ್ತಿರವಿದೆ, ಕ್ಷಮಿಸಿ ಎಂದುಬಿಟ್ಟಳು. ರೇಷನ್ ಕಾರ್ಡಿನಲ್ಲಿ ಹೆಸರಿತ್ತು. ಅದು ಹಳೆಯ ಕಾರ್ಡು ಎಂದರು ರಾಜೇಂದ್ರನ ವಕೀಲರು. ಅದಕ್ಕಿಂತ ಕೆಟ್ಟದ್ದು ಗುರುಸಿದ್ದಯ್ಯನವರ ಕೈಯಿಂದಲೇ ಆಗಿತ್ತು. ಪಾಲು ಕೇಳುವ ಕೇಸಿನಲ್ಲಿ, ತಾನೂ ಪಾಲಿನ ಮನೆಯಲ್ಲೇ ವಾಸವಿದ್ದೇನೆ, ಅದು ತನ್ನ ಸ್ವಾಧೀನದಲ್ಲೂ ಇದೆ ಎಂದು ಬರೆಸುವುದು ವಕೀಲರ ವಾಡಿಕೆ. ಅವರೂ ಹಾಗೇ ಬರೆಸಿ, ಅತ್ತಿಗುಪ್ಪೆಯ ವಿಳಾಸ ಹಾಕಿ, ಶಶಿಕಲಾಳ ಸಹಿ ತೆಗೆದುಕೊಂಡಿದ್ದರು. ಎದುರು ವಕೀಲರು ಅದರ ನಕಲನ್ನು ತಂದು ನ್ಯಾಯಾಧೀಶರ ಮುಂದಿಟ್ಟರು. ಇನ್ನು ಉಳಿದದ್ದು ಶಿವಗಂಗಮ್ಮ ಒಬ್ಬಳೇ.

ಸಾಕ್ಷಿಯ ಹಿಂದಿನ ದಿನ ಶಶಿಕಲಾ ಝೆರಾಕ್ಸ್ ಅಂಗಡಿಗೆ ಬಂದಳು. ಬಡವಾಗಿದ್ದಳು. ಬೆರಳ ತುದಿಗಳಲ್ಲಿ ಹೊಲಿಗೆ ಮೆಷಿನ್ನಿನ ಸೂಜಿ ಚುಚ್ಚಿದ ಗುರುತುಗಳಿದ್ದವು.

"ನನ್ನ ಮೇಲೆ ಕರುಣೆ ತೋರ್ಸಿ ಅಂತ ಕೇಳ್ತಿಲ್ಲ ಅಕ್ಕ. ಇದ್ದದ್ದು ಇದ್ದ ಹಾಗೆ ಹೇಳಿ ಸಾಕು. ನಾನು ಆ ಮನೇಲಿದ್ದೆ. ಅಷ್ಟು ಹೇಳಿ."

"ನಾನೆಲ್ಲಿ ಹೋಗ್ಲೇ ಆಮೇಲೆ?"

"ನನ್ನ ಜೊತೆ ಬನ್ನಿ. ರೂಮು ಚಿಕ್ಕದು. ಇಬ್ರೂ ದುಡಿಯೋಣ."

ಶಿವಗಂಗಮ್ಮನಿಗೆ ಒಂದು ಕ್ಷಣ ಹಾಗೆ ಮಾಡಿಬಿಡಬಹುದು ಅನಿಸಿತು. ಕಿಟಕಿಯಿದ್ದ ತನ್ನ ರೂಮು, ಅದರಲ್ಲಿ ಹಾಸಿದ ಹಾಸಿಗೆ ಕಣ್ಣ ಮುಂದೆ ಬಂತು. ಗಾರ್ಮೆಂಟ್ಸ್ ಹೆಂಗಸರ ಆ ರೂಮುಗಳನ್ನೂ ಅವಳು ನೋಡಿದ್ದಳು. ನಾಲ್ಕು ಜನಕ್ಕೊಂದು, ಕಕ್ಕಸಿಗೆ ಬೆಳಗ್ಗೆ ಸಾಲು. "ಗಿರಾಕಿ ಕಾಯ್ತಿದಾರೆ" ಎಂದು ಮೆಷಿನ್ನಿನ ಕಡೆ ತಿರುಗಿದಳು.

ಮಾರನೆಯ ದಿನ ಶಿವಗಂಗಮ್ಮ ಕಟಕಟೆ ಹತ್ತಿದಳು. ಹೌದು, ಸಂದೇಶಗಳು ಬಂದಿದ್ದವು. ಪ್ರತಿಯೊಂದನ್ನೂ ಅತ್ತಿಗುಪ್ಪೆಗೆ ಹೋಗಿ ಹೇಳಿ ಬರುತ್ತಿದ್ದೆ. ನನಗೆ ಆ ಗಂಡ ಬೇಡ, ಕೋರ್ಟಿಗೂ ಬರಲ್ಲ ಅಂತ ಶಶಿಕಲಾ ಹೇಳಿದಳು. ರಾಜೇಂದ್ರನ ವಕೀಲರು ಒಂದು ವಾರ ಹೇಳಿಕೊಟ್ಟಿದ್ದ ಮಾತುಗಳು, ಒಂದೂ ಹೆಚ್ಚುಕಡಿಮೆಯಾಗಲಿಲ್ಲ.

ಗುರುಸಿದ್ದಯ್ಯ ಪಾಟೀಸವಾಲಿಗೆ ಎದ್ದರು. "ನಿಮಗೆ ಆಪರೇಷನ್ ಆದಾಗ ಆಸ್ಪತ್ರೇಲಿ ನಿಮ್ಮನ್ನ ನೋಡಿಕೊಂಡವರು ಯಾರಮ್ಮ?"

"ನಮ್ಮ ತಾಯಿ" ಎಂದಳು ಶಿವಗಂಗಮ್ಮ. ಆ ಪ್ರಶ್ನೆಗೆ ಸುಳ್ಳು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ತಾನಾಗಿಯೇ ಬಂತು.

ಕೊನೆಯ ಬೆಂಚಿನಲ್ಲಿ ಕೂತಿದ್ದ ಶಶಿಕಲಾ ತಲೆ ತಗ್ಗಿಸಿದಳು.

ನವೆಂಬರ್ ಕೊನೆಯಲ್ಲಿ ಅರ್ಜಿ ವಜಾ ಆಯಿತು. ತಾನೇ ನೇಮಿಸಿಕೊಂಡ ಪ್ರತಿನಿಧಿಗೆ ತಿಳಿದದ್ದು ತನಗೆ ತಿಳಿದಿಲ್ಲವೆಂದು ಅರ್ಜಿದಾರಳು ಹೇಳುವಂತಿಲ್ಲ ಎಂದು ಆದೇಶದಲ್ಲಿತ್ತು. ಮೇಲಿನ ಕೋರ್ಟಿಗೆ ಹೋಗೋಣ ಎಂದು ಗುರುಸಿದ್ದಯ್ಯ ಹೇಳುತ್ತಲೇ ಇದ್ದರು, ಶಶಿಕಲಾ ಕೇಳಿಸಿಕೊಳ್ಳುತ್ತಿರಲಿಲ್ಲ. ಕೋರ್ಟಿನ ಮೆಟ್ಟಿಲ ಬಳಿ ನೇರವಾಗಿ ಶಿವಗಂಗಮ್ಮನ ಹತ್ತಿರ ಬಂದಳು. ಕೆನ್ನೆಗೆ ಹೊಡೆಯುತ್ತಾಳೆಂದು ಶಿವಗಂಗಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಹೊಡೆದಿದ್ದರೆ ವಾಸಿಯಿತ್ತು.

"ನಿಮ್ಮನ್ನ ನಿಮ್ಮ ಗಂಡ ಯಾಕೆ ಬಿಟ್ಟ ಅಂತ ನನಗೆ ಯಾವತ್ತೂ ಗೊತ್ತಾಗಿರ್ಲಿಲ್ಲ" ಎಂದಳು ಶಶಿಕಲಾ, ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಂತೆ. "ಏಳು ವರ್ಷ ಅವನಿಗೇ ಶಾಪ ಹಾಕ್ದೆ. ಪಾಪ ಮನುಷ್ಯ."

ಅಷ್ಟು ಹೇಳಿ ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆ ಹೋದಳು. ಒಂದು ಸಲವೂ ತಿರುಗಿ ನೋಡಲಿಲ್ಲ.

ಡಿಸೆಂಬರ್ ಮೊದಲ ವಾರ ಕೆಂಗೇರಿಯ ಛತ್ರದಲ್ಲಿ ರಾಜೇಂದ್ರನ ಮದುವೆ ಗೊತ್ತಾಯಿತು. ಶಿವಗಂಗಮ್ಮ ಹಸಿರು ಅಂಚಿನ ಹೊಸ ಸೀರೆ ತೆಗೆದುಕೊಂಡು ಬ್ಲೌಸು ಹೊಲಿಸಿಟ್ಟಿದ್ದಳು. ಹೊರಡುವ ದಿನ ಬೆಳಗ್ಗೆ ಮುನಿತಾಯಮ್ಮ ರೂಮಿನ ಬಾಗಿಲಿಗೆ ಬಂದು ನಿಂತಳು. "ನೀನು ಮನೆ ನೋಡ್ಕೊಂಡಿರು ಗಂಗಾ. ಹೆಣ್ಣಿನ ಕಡೆಯವರಿಗೆ ಕೋರ್ಟಿನ ಸಮಾಚಾರ ಎಲ್ಲಾ ಗೊತ್ತಾಗಿದೆ. ಸಾಕ್ಷಿ ಹೇಳ್ದ ನಾದಿನಿ ಅವಳೇನಾ, ಅವಳ ಜೊತೆ ನಮ್ಮ ಹುಡುಗಿ ಹೆಂಗಿರ್ತಾಳೆ ಅಂತ ಹುಡುಗಿ ತಾಯಿ ಕೇಳಿದ್ರಂತೆ. ರೂಮೂ ಹೊಸ ಗಂಡ ಹೆಂಡ್ತಿಗೇ ಬೇಕಾಗುತ್ತೆ. ನಿನ್ನ ಹಾಸಿಗೆ ಅಡುಗೆಮನೆ ಪಕ್ಕಕ್ಕೆ ಸರಿಸ್ಕೋ."

"ನಾನು ನಿಮಗೋಸ್ಕರ ತಾನೇ ಅಮ್ಮ..."

"ಯಾರು ಇಲ್ಲ ಅಂದ್ರು?" ಎಂದಳು ಮುನಿತಾಯಮ್ಮ. ರಾಜೇಂದ್ರ ಹೊರಗೆ ವ್ಯಾನಿನ ಹಾರ್ನ್ ಒತ್ತಿಸಿದ. ಅವಳು ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು.

ವ್ಯಾನು ಹೋದ ಮೇಲೆ ಶಿವಗಂಗಮ್ಮ ಹಾಸಿಗೆಯನ್ನು ಸುತ್ತಿ ಅಡುಗೆಮನೆ ಪಕ್ಕಕ್ಕೆ ಸಾಗಿಸಿದಳು. ಹತ್ತು ಗಂಟೆಗೆ ಮುಹೂರ್ತವಿತ್ತು. ಆ ಹೊತ್ತಿಗೆ ಅವಳು ಒಂದು ಪಾವು ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಸಾರು ಮಾಡುವ ಮನಸ್ಸಾಗಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು, ನಡುಮನೆಯಲ್ಲಿ ಒಬ್ಬಳೇ ಕೂತು ಪೂರ್ತಿ ಉಂಡಳು. ಹಸಿವಾಗಿತ್ತು.